ಲಿಂಕನ್ನನ ಅಜ್ಜ

ಅಬ್ರಹಾಂ ಲಿಂಕನ್ನನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ 1809ನೆಯ ಫೆಬ್ರವರಿ 12ರಂದು, ಕೆಂಟಕಿಯ ಒಂದು ಮರದಿಮ್ಮಿಯ ಗುಡಿಸಲಿನಿಂದ ಕಥೆಯನ್ನು ತೊಡಗುತ್ತಾರೆ. ಆ ಗುಡಿಸಲಿಗೆ ಬಡತನ ಬಂದುದು ಹೇಗೆಂಬುದನ್ನು ತಿಳಿಯಬೇಕಾದರೆ ಇನ್ನೂ ಇಪ್ಪತ್ತಮೂರು ವರ್ಷ ಹಿಂದಕ್ಕೆ ಹೋಗಬೇಕು. ಯಾರ ಹೆಸರನ್ನು ಆ ಮಗುವಿಗೆ ಇಟ್ಟರೋ ಆ ಅಜ್ಜನ ಹೊಲಕ್ಕೆ.

ಅಜ್ಜ ಅಬ್ರಹಾಂ ಬಡವನಲ್ಲ. 1744ರಲ್ಲಿ ಪೆನ್ಸಿಲ್ವೇನಿಯದಲ್ಲಿ ಹುಟ್ಟಿ, ತಂದೆ ಜಾನ್‌ನೊಡನೆ ವರ್ಜೀನಿಯದ ಶೆನಂಡೋವ ಕಣಿವೆಗೆ ಬಂದು ನೆಲಸಿ, ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಅಲ್ಲಿಯ ನಾಡಪಡೆಯ ಕ್ಯಾಪ್ಟನ್ ಆಗಿದ್ದವನು. ಒಳ್ಳೆಯ ಜಮೀನನ್ನು ಮಾರಿ, 1782ರ ಸುಮಾರಿಗೆ ಬೆಟ್ಟಗಳನ್ನು ದಾಟಿ ಕೆಂಟಕಿಗೆ ಹೋದನು. ಅಲ್ಲಿ ಅವನ ಹೆಸರಿಗೆ ದಾಖಲಾದ ಭೂಮಿ 5,000 ಎಕರೆಗೂ ಮಿಕ್ಕಿತ್ತು. ಆ ನೆಲ ಷಾನಿ ಮೊದಲಾದ ಮೂಲನಿವಾಸಿಗಳ ಬೇಟೆಯ ಕಾಡು. ಹಕ್ಕುಪತ್ರ ಬರೆದುಕೊಟ್ಟವರು ಅವರನ್ನು ಕೇಳಿರಲಿಲ್ಲವೆಂಬುದನ್ನು ಮರೆಯಬಾರದು.

1786ರ ಮೇ ತಿಂಗಳಲ್ಲಿ ಅವನು ಮೂವರು ಗಂಡುಮಕ್ಕಳೊಡನೆ ಜೋಳ ಬಿತ್ತುತ್ತಿದ್ದಾಗ ಕಾಡಿನಂಚಿನಿಂದ ಗುಂಡು ಹಾರಿತು. ತಂದೆ ಅಲ್ಲಿಯೇ ಸತ್ತನು. ನಡುವಣ ಮಗ ಜೋಸಯ್ಯ ಸಹಾಯ ಬೇಡಲು ಕೋಟೆಯ ಕಡೆಗೆ ಓಡಿದನು. ಹಿರಿಯ ಮಾರ್ಡೆಕೈ ಮನೆಗೆ ಓಡಿ ಬಂದೂಕನ್ನು ಹಿಡಿದನು. ಎಂಟು ವರ್ಷದ ಥಾಮಸ್ ಹೆಣದ ಬಳಿಯೇ ಉಳಿದನು. ಅವನನ್ನು ಎತ್ತಿಕೊಳ್ಳಲು ಬಾಗಿದವನ ಎದೆಯ ಬೆಳ್ಳಿಯ ಪದಕಕ್ಕೆ ಗುರಿಯಿಟ್ಟು ಅಣ್ಣ ಗುಂಡು ಹೊಡೆದನೆಂದು ಮನೆತನದಲ್ಲಿ ಹೇಳಿಕೊಳ್ಳುತ್ತಿದ್ದರು. ಈ ಥಾಮಸನೇ ಮುಂದೆ ಲಿಂಕನ್ನನ ತಂದೆ.

ಆಗ ಕೆಂಟಕಿ ವರ್ಜೀನಿಯಕ್ಕೆ ಸೇರಿತ್ತು. ಮರಣಶಾಸನವಿಲ್ಲದೆ ಸತ್ತವನ ಭೂಮಿಯೆಲ್ಲ ಹಿರಿಯ ಮಗನಿಗೆ ಎಂಬುದು ಅಲ್ಲಿಯ ಹಳೆಯ ಕಟ್ಟಳೆ. ಅದನ್ನು ರದ್ದುಮಾಡುವ ಶಾಸನ 1785ರಲ್ಲಿಯೇ ಆಗಿದ್ದರೂ ಜಾರಿಗೆ ಬಂದುದು 1787ರ ಜನವರಿ 1ರಂದು. ಏಳು ತಿಂಗಳ ಅಂತರದಲ್ಲಿ ಥಾಮಸನ ಪಾಲು ಹೋಯಿತು. ಮಾರ್ಡೆಕೈ ಅನುಕೂಲಸ್ಥನಾದನು, ಥಾಮಸ್ ಕೂಲಿಮಾಡುತ್ತ ಅಲೆದು, ಬಡಗಿತನ ಕಲಿತು, ಹೆಸರನ್ನು ತಡವರಿಸುತ್ತ ಬರೆಯುವಷ್ಟು ಅಕ್ಷರ ಮಾತ್ರ ಬಲ್ಲವನಾಗಿ ಬೆಳೆದನು. ಮುಂದೆ ಅವನು ಕೊಂಡ ಹೊಲಗಳ ಹಕ್ಕುಗಳೂ ತಕರಾರಿಗೆ ಸಿಕ್ಕಿದುವು. 1816ರಲ್ಲಿ ಕೆಂಟಕಿಯನ್ನೇ ಬಿಟ್ಟು ಇಂಡಿಯಾನಕ್ಕೆ ಹೊರಟನು. ಗುಲಾಮಗಿರಿಯ ಮೇಲಿನ ಅಸಹ್ಯವೂ ಅದಕ್ಕೆ ಒಂದು ಕಾರಣ. ಮುಖ್ಯ ಕಾರಣ ಭೂಮಿಯ ತಕರಾರೇ ಎಂದು ಮಗನು ಮುಂದೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಅಜ್ಜನ ಸಾವಿನ ಕಥೆ ತನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಅಚ್ಚೊತ್ತಿತ್ತೆಂದು ಲಿಂಕನ್ 1854ರಲ್ಲಿ ಬಂಧುವೊಬ್ಬನಿಗೆ ತಿಳಿಸಿದನು. ಈ ಕಥೆ ಕೇಳಿ ಬೆಳೆದವನ ಮುಂದೆಯೇ 1862ರಲ್ಲಿ, ಮಿನೆಸೋಟದಲ್ಲಿ ದಂಗೆಯೆದ್ದ ಡಕೋಟ ಜನರಲ್ಲಿ 303 ಮಂದಿಯ ಮರಣದಂಡನೆಯ ಕಾಗದಗಳು ಬಂದುವು. ಒಂದೊಂದು ವಿಚಾರಣೆಯನ್ನೂ ಪರಿಶೀಲಿಸಿ, 39 ಹೆಸರುಗಳನ್ನು ಮಾತ್ರ ತನ್ನ ಕೈಯಿಂದಲೇ ಬರೆದು ಕಳುಹಿಸಿದನು. ಕೊನೆಗೆ 38 ಮಂದಿ ಒಂದೇ ದಿನ ಗಲ್ಲಿಗೇರಿದರು. ಈ ತೀರ್ಪನ್ನು ಅಂದು ಮಿನೆಸೋಟದವರು ಕ್ಷಮಿಸಲಿಲ್ಲ. ಬೇರೆಯ ಕಾರಣಕ್ಕೆ ಡಕೋಟರೂ ಮರೆತಿಲ್ಲ.

ಅಜ್ಜನಿಂದ ಹಿಂದಕ್ಕೆ ವಂಶವನ್ನು ಅರಿಯುವ ಕುತೂಹಲವೂ ಅವನಿಗಿತ್ತು. 1848ರಲ್ಲಿ ಕಾಂಗ್ರೆಸ್ ಸದಸ್ಯನಾಗಿ ವಾಷಿಂಗ್ಟನ್ನಿನಲ್ಲಿದ್ದಾಗ, ಮ್ಯಾಸಚೂಸೆಟ್ಸಿನ ಹಿಂಗಂ ಊರಿನ ಇತಿಹಾಸ ಬರೆದಿದ್ದ ಸಾಲೊಮನ್ ಲಿಂಕನ್ನನಿಗೂ, ವರ್ಜೀನಿಯದಲ್ಲಿ ಉಳಿದಿದ್ದ ಡೇವಿಡ್ ಲಿಂಕನ್ನನಿಗೂ ಪತ್ರ ಬರೆದನು. ಅಜ್ಜನ ಸಾವಿನ ವರ್ಷವನ್ನೂ ಅವನು 1784 ಎಂದೇ ನಂಬಿದ್ದನು. ಪೆನ್ಸಿಲ್ವೇನಿಯದಿಂದಾಚೆಗೆ ದಾರಿ ಕಾಣಲಿಲ್ಲ. ಅಬ್ರಹಾಂ, ಮಾರ್ಡೆಕೈ ಎಂಬ ಹೆಸರುಗಳು ಹಿಂಗಂನಲ್ಲಿಯೂ ಮರುಕಳಿಸುತ್ತವೆಂಬ ಒಂದೇ ಸುಳಿವು ಸಿಕ್ಕಿತು. ನ್ಯಾಯವಾದಿಯಾದ ಅವನಿಗೆ ಅಷ್ಟು ಸಾಕ್ಷ್ಯ ಸಾಲಲಿಲ್ಲ. 1860ರಲ್ಲಿ ತನ್ನ ವೃತ್ತಾಂತ ಬರೆದಾಗಲೂ ಆ ಸಂಬಂಧವನ್ನು ಸಿದ್ಧವಾದುದೆಂದು ಒಪ್ಪಿಕೊಳ್ಳಲಿಲ್ಲ.

ಸುಳಿವು ನಿಜವೇ ಆಗಿತ್ತು. ಇಂಗ್ಲೆಂಡಿನ ನಾರ್ಫೋಕಿನಿಂದ 1637ರಲ್ಲಿ ಹಡಗೇರಿ ಬಂದ ನೇಕಾರ ಸ್ಯಾಮ್ಯುಯಲ್ ಲಿಂಕನ್ ನೆಲಸಿದ್ದು ಹಿಂಗಂನಲ್ಲಿಯೇ. ಅವನು ಲಿಂಕನ್ನನ ಮುತ್ತಜ್ಜನ ಮುತ್ತಜ್ಜ. ಅವನ ಮೊಮ್ಮಗ ಮಾರ್ಡೆಕೈ ದಕ್ಷಿಣಕ್ಕೆ ನ್ಯೂಜೆರ್ಸಿಗೂ ಅಲ್ಲಿಂದ ಪೆನ್ಸಿಲ್ವೇನಿಯಕ್ಕೂ ಹೋದಾಗ ಕೊಂಡಿ ಕಳಚಿತ್ತು. ಊರೂರಿನ ದಾಖಲೆಗಳನ್ನು ಜೋಡಿಸಿದ ಸಂಶೋಧಕರ ದುಡಿಮೆಯಿಂದ ಆ ಕೊಂಡಿ ಕೂಡಿತು. ವಾಲ್ಡೊ ಲಿಂಕನ್ ಸಿದ್ಧಪಡಿಸಿದ ಮನೆತನದ ದೊಡ್ಡ ಗ್ರಂಥ ಅಚ್ಚಾದದ್ದು 1923ರಲ್ಲಿ. ಪತ್ರ ಬರೆದು ಕಾದಿದ್ದವನು ಗತಿಸಿ ಆಗ ಐವತ್ತೆಂಟು ವರ್ಷಗಳಾಗಿದ್ದುವು.