ಕಾಂತಕ್ಷೇತ್ರವನ್ನು ಕಾಣಿಸಿಕೊಟ್ಟ ಮೈಕೆಲ್ ಫ್ಯಾರಡೆ



ನಮ್ಮ ಮಾಗಳದ ಬಳಿ ಹರಿಯುವ ತುಂಗಭದ್ರೆ ಮುಂದೆ ಹೊಸಪೇಟೆ ಹತ್ತಿರದ ಅಣೆಕಟ್ಟನ್ನು ಸೇರುತ್ತಾಳೆ. ಅಲ್ಲಿ ಆಕೆಯ ನೀರಿನ ರಭಸದಿಂದ ವಿದ್ಯುತ್ ತಯಾರಾಗುತ್ತದೆ. ಆದರೆ ನೀರಿನೊಳಗೆ ವಿದ್ಯುತ್ ಅಡಗಿಲ್ಲ. ನೀರು ಟರ್ಬೈನನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಅಯಸ್ಕಾಂತವು ಸುತ್ತಲಿನ ತಂತಿ ಸುರುಳಿಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಈ ತತ್ವವನ್ನು ಜಗತ್ತಿಗೆ ಕೊಟ್ಟವರು ಒಬ್ಬ ಬಡ ಕಮ್ಮಾರನ ಮಗ ಎಂಬುದು ನಿಮಗೆ ಗೊತ್ತೇ?

ಮೈಕೆಲ್ ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ ಸಮೀಪ ಜನಿಸಿದರು. ತಂದೆಗೆ ಅನಾರೋಗ್ಯ, ಮನೆಯಲ್ಲಿ ಬಡತನ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಲೆಕ್ಕ ಇಷ್ಟೇ. 14ನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಗೆ ಸೇರಿ ಏಳು ವರ್ಷ ದುಡಿದರು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದರು. ವಿಶ್ವಕೋಶವೊಂದರಲ್ಲಿದ್ದ ವಿದ್ಯುತ್ತಿನ ಲೇಖನ ಅವರ ಮನಸ್ಸನ್ನು ಹಿಡಿಯಿತು.

1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಕೇಳಿದ್ದನ್ನೆಲ್ಲ ಬರೆದು, ಚಿತ್ರ ಬಿಡಿಸಿ, ತಾವೇ ರಟ್ಟು ಕಟ್ಟಿ ಡೇವಿಯವರಿಗೆ ಕಳುಹಿಸಿದರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ದೊರೆಯಿತು.

ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ತೋರಿಸಿದ್ದರು. ಹಾಗಾದರೆ ಅಯಸ್ಕಾಂತದಿಂದ ವಿದ್ಯುತ್ ಬರಬಾರದೇಕೆ? ಫ್ಯಾರಡೆ ವರ್ಷಗಟ್ಟಲೆ ಪ್ರಯತ್ನಿಸಿದರು. 1831ರಲ್ಲಿ ಉತ್ತರ ಸಿಕ್ಕಿತು. ಸುರುಳಿಯೊಳಗೆ ಅಯಸ್ಕಾಂತ ಸುಮ್ಮನಿದ್ದರೆ ಏನೂ ಆಗದು. ಒಳಗೆ ತಳ್ಳಿದಾಗ, ಹೊರಗೆ ಎಳೆದಾಗ ಮಾತ್ರ ವಿದ್ಯುತ್ ಹರಿಯುತ್ತದೆ. ಚಲನೆಯೇ ಗುಟ್ಟು!

ನೀವೂ ಒಂದು ಪ್ರಯೋಗ ಮಾಡಿ. ಅಯಸ್ಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಪುಡಿ ಉದುರಿಸಿ ಮೆಲ್ಲನೆ ತಟ್ಟಿ. ಪುಡಿಯು ಒಂದು ಧ್ರುವದಿಂದ ಇನ್ನೊಂದು ಧ್ರುವಕ್ಕೆ ಬಾಗಿದ ಗೆರೆಗಳಾಗಿ ನಿಲ್ಲುತ್ತದೆ. ಧ್ರುವಗಳ ಬಳಿ ಗೆರೆಗಳು ಒತ್ತಾಗಿರುತ್ತವೆ, ಏಕೆಂದರೆ ಅಲ್ಲಿ ಬಲ ಹೆಚ್ಚು. ಈ ಗೆರೆಗಳನ್ನು ಫ್ಯಾರಡೆ ಬಲರೇಖೆಗಳೆಂದರು. ಅಯಸ್ಕಾಂತದ ಶಕ್ತಿ ಲೋಹದೊಳಗಷ್ಟೇ ಅಲ್ಲ, ಸುತ್ತಲಿನ ಜಾಗದಲ್ಲೂ ಹರಡಿದೆ ಎಂದು ವಾದಿಸಿದರು. ಅದೇ ಕಾಂತಕ್ಷೇತ್ರ. ಉನ್ನತ ಗಣಿತ ಅವರಿಗೆ ತಿಳಿದಿರಲಿಲ್ಲ. ಅನೇಕ ಪಂಡಿತರು ಈ ವಿಚಾರವನ್ನು ಒಪ್ಪಲಿಲ್ಲ. ಮುಂದೆ ಮ್ಯಾಕ್ಸ್‌ವೆಲ್ ಅದಕ್ಕೆ ಸಮೀಕರಣಗಳ ರೂಪ ಕೊಟ್ಟರು.

ಕೀರ್ತಿ ಬಂದರೂ ಫ್ಯಾರಡೆ ಸರಳವಾಗಿಯೇ ಬಾಳಿದರು. ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ನಿರಾಕರಿಸಿದರು. ಮಕ್ಕಳಿಗಾಗಿ ವಿಜ್ಞಾನ ಉಪನ್ಯಾಸ ನೀಡುವುದೆಂದರೆ ಅವರಿಗೆ ಬಲು ಪ್ರೀತಿ. 1867ರ ಆಗಸ್ಟ್ 25ರಂದು ನಿಧನರಾದರು.

ಮಿತ್ರರೇ, ಮನೆಯ ಕಷ್ಟಕ್ಕಾಗಿ ಶಾಲೆ ಬಿಟ್ಟು ಗ್ಯಾರೇಜು, ಅಂಗಡಿ ಸೇರಿದ ಹುಡುಗರು ನಮ್ಮಲ್ಲೂ ಇದ್ದಾರೆ. ಅವರ ಕಲಿಕೆ ಮುಗಿಯಿತೆಂದು ಯಾರೂ ತೀರ್ಮಾನಿಸಬೇಡಿ. ಅವರ ಕೈಗೆ ಒಂದು ಪುಸ್ತಕ ಕೊಡಿ. ಫ್ಯಾರಡೆಗೆ ಸಿಕ್ಕ ಒಂದು ಟಿಕೆಟ್‌ನಂತೆ ಅದೂ ಒಂದು ಬಾಗಿಲನ್ನು ತೆರೆಯಬಹುದು.