ಸರ್ ಅರ್ನಾಲ್ಡ್ ಥೈಲರ್: ದನದ ಕೊಟ್ಟಿಗೆಯಲ್ಲಿ ಉಳಿದ ಹೆಸರು



ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂಥ ಊರಿನಲ್ಲಿ ಬೆಳೆದವರಿಗೆ ಒಂದು ಸೀಮೆಹಸುವಿನ ಬೆಲೆ ಏನೆಂದು ಹೇಳಬೇಕಾಗಿಲ್ಲ. ಡೈರಿಗೆ ಹಾಕಿದ ಹಾಲಿನ ಹಣದಲ್ಲೇ ಮನೆಖರ್ಚು, ಮಕ್ಕಳ ಶಾಲಾ ಶುಲ್ಕ ತೂಗಿಸುವ ಕುಟುಂಬಗಳು ಎಷ್ಟೋ ಇವೆ. ಅಂಥ ಹಸುವಿಗೆ ಜೋರು ಜ್ವರ ಬಂದು, ಭುಜದ ಮುಂದಿನ ಗ್ರಂಥಿ ಊದಿಕೊಂಡು, ಮೇವು ಬಿಟ್ಟಿತೆಂದರೆ ಪಶುವೈದ್ಯರು ರಕ್ತ ಪರೀಕ್ಷಿಸಿ ಥೈಲೇರಿಯಾಸಿಸ್ ಎಂದು ಹೇಳಬಹುದು. ಉಣ್ಣೆ ಕಚ್ಚಿದಾಗ ದನದ ರಕ್ತ ಸೇರುವ ಪರೋಪಜೀವಿಯಿಂದ ಬರುವ ರೋಗವಿದು. ಆ ಪರೋಪಜೀವಿಗೆ ಹೆಸರು ಕೊಟ್ಟ ಅರ್ನಾಲ್ಡ್ ಥೈಲರ್ ಅವರ ಜೀವನವನ್ನು ನೀವು ತಿಳಿಯಬೇಕು.

ಥೈಲರ್ 1867ರ ಮಾರ್ಚ್ 26ರಂದು ಸ್ವಿಟ್ಜರ್ಲೆಂಡಿನ ಫ್ರಿಕ್ ಎಂಬ ಊರಿನಲ್ಲಿ ಜನಿಸಿದರು. ಪಶುವೈದ್ಯ ಶಿಕ್ಷಣ ಮುಗಿಸಿ 1891ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ಜಮೀನೊಂದರಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಎಡಗೈಯನ್ನೇ ಕಳೆದುಕೊಂಡರು. ಪರದೇಶ, ಕೈಯಲ್ಲಿ ಹಣವಿಲ್ಲ, ಪಶುವೈದ್ಯನಿಗೆ ಒಂದು ಕೈಯೂ ಇಲ್ಲ. ಮತ್ತೊಬ್ಬರಾದರೆ ಊರಿಗೆ ಮರಳುತ್ತಿದ್ದರೇನೋ. ಥೈಲರ್ ಮರಳಲಿಲ್ಲ. ಗಣಿ ಕಾರ್ಮಿಕರಲ್ಲಿ ಸಿಡುಬು ಹರಡಿದಾಗ ಲಸಿಕೆ ತಯಾರಿಸಿಕೊಟ್ಟು ಸರ್ಕಾರದ ಗಮನ ಸೆಳೆದರು. 1896ರಲ್ಲಿ ದನಗಳ ದೊಡ್ಡರೋಗ ಆ ನಾಡಿಗೆ ನುಗ್ಗಿದಾಗ ಸರ್ಕಾರಿ ಪಶುವೈದ್ಯರಾಗಿ ಅದನ್ನು ತಡೆಯುವ ರಕ್ತಸಾರದ ಸಂಶೋಧನೆಯಲ್ಲಿ ದುಡಿದರು.

1902ರ ಸುಮಾರಿಗೆ ಈಸ್ಟ್ ಕೋಸ್ಟ್ ಜ್ವರ ಎಂಬ ಹೊಸ ಪಿಡುಗು ಬಂತು. ಇದು ಮೊದಲೇ ತಿಳಿದಿದ್ದ ಉಣ್ಣೆಜ್ವರವಲ್ಲ, ಬೇರೆಯೇ ಸೂಕ್ಷ್ಮಜೀವಿಯಿಂದ ಬರುವ ರೋಗ ಎಂದು ಥೈಲರ್ ತೋರಿಸಿದರು. 1907ರಲ್ಲಿ ಇತರ ವಿಜ್ಞಾನಿಗಳು ಆ ಜೀವಿಯ ಕುಲಕ್ಕೆ ಥೈಲೇರಿಯಾ ಎಂದು ಹೆಸರಿಟ್ಟರು. ನಮ್ಮ ಮಿಶ್ರತಳಿ ಹಸುಗಳನ್ನು ಕಾಡುವುದು ಅದೇ ಕುಲದ ಇನ್ನೊಂದು ಪ್ರಭೇದ.

ಇಲ್ಲಿ ಒಂದು ಮಾತನ್ನು ಗಮನಿಸಿ. ಈ ರೋಗಕ್ಕೆ ಚುಚ್ಚುಮದ್ದಿನಿಂದ ನಿರೋಧಕ ಶಕ್ತಿ ಬರಿಸಲು ಥೈಲರ್ ಪ್ರಯತ್ನಿಸಿದರು. ಆದರೆ ಚುಚ್ಚುಮದ್ದಿನಿಂದಲೇ ಅನೇಕ ದನಗಳು ಸತ್ತವು. ಆ ದಾರಿ ಕೈಬಿಡಬೇಕಾಯಿತು. ದನಗಳನ್ನು ಮತ್ತೆ ಮತ್ತೆ ಔಷಧದ ತೊಟ್ಟಿಯಲ್ಲಿ ಮುಳುಗಿಸಿ ಉಣ್ಣೆ ಕೊಲ್ಲುವುದು, ಬೇಲಿ ಹಾಕಿ ಓಡಾಟ ತಡೆಯುವುದು, ಸೋಂಕಿನ ಹಿಂಡುಗಳನ್ನು ನಿವಾರಿಸುವುದು, ಇವೇ ಕೊನೆಗೆ ಫಲಿಸಿದವು. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾ ಆ ರೋಗದಿಂದ ಮುಕ್ತವಾಯಿತು. ಅದನ್ನು ನೋಡಲು ಥೈಲರ್ ಬದುಕಿರಲಿಲ್ಲ.

ಇನ್ನೊಂದು ಕಡೆ ಅವರಿಗೆ ಯಶಸ್ಸು ಸಿಕ್ಕಿತು. ಅನಾಪ್ಲಾಸ್ಮಾ ಎಂಬ ರೋಗಾಣುವನ್ನು ಅವರು 1910ರಲ್ಲಿ ವರ್ಣಿಸಿದರು. ಮುಂದೆ ಅದರ ಸೌಮ್ಯ ಪ್ರಭೇದವನ್ನು ಗುರುತಿಸಿ, ಅದನ್ನೇ ದನಕ್ಕೆ ಕೊಟ್ಟರೆ ತೀವ್ರ ರೋಗದಿಂದ ರಕ್ಷಣೆ ಸಿಗುತ್ತದೆಂದು ಕಂಡುಕೊಂಡರು. ಶತಮಾನ ಕಳೆದರೂ ಆ ಸೌಮ್ಯ ಜೀವಿ ಕೆಲವು ದೇಶಗಳಲ್ಲಿ ಲಸಿಕೆಯಾಗಿ ಬಳಕೆಯಲ್ಲಿದೆ. ದುರ್ಬಲಗೊಳಿಸಿದ ಜೀವಂತ ಪರೋಪಜೀವಿಯಿಂದ ಥೈಲೇರಿಯಾಸಿಸ್‌ಗೂ ಭಾರತದಲ್ಲಿ ಲಸಿಕೆ ತಯಾರಾಗಿದೆ.

1908ರಲ್ಲಿ ಪ್ರಿಟೋರಿಯಾ ಬಳಿ ಆರಂಭವಾದ ಆಂಡರ್‌ಸ್ಟೆಪೋರ್ಟ್ ಸಂಶೋಧನಾಲಯವನ್ನು ಥೈಲರ್ ಕಟ್ಟಿ ಬೆಳೆಸಿದರು. 1920ರಲ್ಲಿ ಅಲ್ಲಿನ ಪಶುವೈದ್ಯ ಶಿಕ್ಷಣ ವಿಭಾಗದ ಮೊದಲ ಡೀನ್ ಆದರು. ಸಂಶೋಧನೆಯ ಜೊತೆಗೆ ಪಾಠವೂ ನಡೆಯಬೇಕು, ಆ ನೆಲದ ಮಕ್ಕಳು ಅಲ್ಲೇ ಓದಬೇಕು ಎಂಬುದು ಅದರ ಉದ್ದೇಶ. ಆದರೆ ಆ ಕಾಲದಲ್ಲಿ ಅದರ ಬಾಗಿಲು ಬಿಳಿಯರಿಗಷ್ಟೇ ತೆರೆದಿತ್ತೆಂಬುದನ್ನೂ ಮರೆಯಬಾರದು. 1936ರ ಜುಲೈ 24ರಂದು ಥೈಲರ್ ನಿಧನರಾದರು. ಅವರ ಮಗ ಮ್ಯಾಕ್ಸ್ ಥೈಲರ್ ಹಳದಿ ಜ್ವರದ ಲಸಿಕೆಗಾಗಿ 1951ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ. ಪಶುವೈದ್ಯಕೀಯವೆಂದರೆ ಬೇರೇನೂ ಸಿಗದವರ ಓದು ಎಂದು ಭಾವಿಸಬೇಡಿ. ಸಾಯಂಕಾಲ ಮನೆಗೆ ಹೋದಾಗ ಹಸುವಿನ ಕಿವಿಯೊಳಗೆ, ಕೆಚ್ಚಲಿನ ಬಳಿ ಒಮ್ಮೆ ನೋಡಿ. ಅಲ್ಲಿ ಕಚ್ಚಿಕೊಂಡಿರುವ ಪುಟ್ಟ ಉಣ್ಣೆಯ ಹಿಂದೆ ಒಬ್ಬ ಮನುಷ್ಯನ ಇಡೀ ಜೀವಮಾನದ ದುಡಿಮೆಯಿದೆ. ಇನ್ನೂ ಮುಗಿಯದ ಆ ಕೆಲಸ ನಿಮ್ಮಂಥವರಿಗಾಗಿ ಕಾದಿದೆ.