ಗಾಯಕ ಮಲ್ಲಿಕಾರ್ಜುನ ಮನಸೂರರು

ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನರು ಬಾಲ್ಯದಲ್ಲಿಯೇ ನಾಟಕರಂಗವನ್ನೇರಿದರು. ಆ ಎಳೆಯ ಕಂಠಕ್ಕೆ ಮಾರುಹೋದ ಅಪ್ಪಯ್ಯಸ್ವಾಮಿಗಳು ಕರ್ನಾಟಕ ಸಂಗೀತವನ್ನೂ, ತರುವಾಯ ಮಿರಜಿನ ನೀಲಕಂಠಬುವಾ ಅವರು ಗ್ವಾಲಿಯರ ಪದ್ಧತಿಯನ್ನೂ ಕಲಿಸಿದರು. ಧ್ವನಿಮುದ್ರಿಕೆಗಳಿಂದ ಹೆಸರು ಹಬ್ಬಿತು. ಅಷ್ಟಕ್ಕೆ ತೃಪ್ತರಾಗಿದ್ದರೆ ಬದುಕು ಸುಗಮವಾಗುತ್ತಿತ್ತೇನೋ! ಹೆಸರಾಂತ ಗಾಯಕರು ಮುಂಬಯಿಯಲ್ಲಿ ಮಂಜೀಖಾನರೆದುರು ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಗುರುಗಳು ಅಕಾಲದಲ್ಲಿ ತೀರಿಕೊಳ್ಳಲು, ಅವರ ತಮ್ಮಂದಿರಾದ ಭೂರ್ಜೀಖಾನರಲ್ಲಿ ವಿದ್ಯೆ ಮುಂದುವರಿಯಿತು. ಜಯಪುರ ಘರಾಣೆಯ ಜೋಡುರಾಗಗಳು ಸಾಮಾನ್ಯ ಶ್ರೋತೃಗಳಿಗೆ ಕಠಿನ, ಮನ್ನಣೆಯೂ ತಡವಾಯಿತು. ಪದ್ಮಶ್ರೀ ದೊರೆತುದು 1970ರಲ್ಲಿ, ಅರುವತ್ತರ ಅಂಚಿನಲ್ಲಿ. ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾಗಿಯೂ ಅವರು ಸೇವೆ ಸಲ್ಲಿಸಿದರು. ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗೆ ಅಚಲ ಭಕ್ತಿ. ಖಾನಸಾಹೇಬರಿಂದ ಪಡೆದ ಕಂಠಸಂಸ್ಕಾರದಿಂದಲೇ ಶರಣರ ವಚನಗಳನ್ನು ಹಾಡಿದರು. 1992ರ ಸೆಪ್ಟೆಂಬರ್ 12ರಂದು ಲಿಂಗೈಕ್ಯರಾದರು.